ನನ್ನ ಕಪಾಟಿನ ಪುಸ್ತಕಗಳು: ಕೆಲವು ಮೆಚ್ಚುಗೆ, ಕೆಲವು ತಕರಾರು



"ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರೋದಿಲ್ಲ." ಬಾರಾಮತಿಯಂಥ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ಈ ಮಾತು ಸಾಮಾನ್ಯ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಶಾಲೆ ಮರಾಠಿ ಅಥವಾ ಇಂಗ್ಲಿಷ್, ಗೆಳೆಯರೆಲ್ಲ ಮರಾಠಿ, ಅಡುಗೆಮನೆಯಲ್ಲಿ ಮಾತ್ರ ಕನ್ನಡ. ಆದರೆ ಅಡುಗೆಮನೆಯ ಕನ್ನಡ ಊಟಕ್ಕೆ, ಬೈಗುಳಕ್ಕೆ ಸಾಕು. ಮನಸ್ಸಿನ ಸಂಶಯ, ಸಂಕಟಗಳನ್ನು ಹೇಳಿಕೊಳ್ಳಲು ಸಾಲದು. ಅದಕ್ಕೆ ಪುಸ್ತಕ ಬೇಕು.

ನಾನು ವಿಮರ್ಶಕಿಯಲ್ಲ. ಇಂಗ್ಲಿಷ್‌ನಲ್ಲಿ ಬಿ.ಎ. ಮುಗಿಸಿ, ಮನೆವಾರ್ತೆ ನೋಡಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಓದುವ ಗೃಹಿಣಿ. ಇಲ್ಲಿರುವುದೆಲ್ಲ ನನ್ನ ಸ್ವಂತ ಅಭಿಪ್ರಾಯ. ನೀವು ಒಪ್ಪಲೇಬೇಕೆಂದಿಲ್ಲ.

ಮೊದಲು ಓದಬೇಕಾದದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಪುಟ್ಟ ಪುಸ್ತಕ, ಸರಳ ಭಾಷೆ. ಹಾರುವ ಓತಿಯನ್ನು ಹುಡುಕಿಕೊಂಡು ಒಂದು ವಿಚಿತ್ರ ತಂಡ ಕಾಡಿಗೆ ಹೋಗುವ ಕಥೆ. ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನ ಕಣ್ಣಿಗೆ ಬಿದ್ದದ್ದು ಓದಿದವರ ಕಣ್ಣಿಗೆ ಬಿದ್ದಿರುವುದಿಲ್ಲ! ಅಂಕಪಟ್ಟಿಯಿಂದಲೇ ಮಕ್ಕಳನ್ನು ಅಳೆಯುವ ತಂದೆ ತಾಯಿಗಳೂ ಇದನ್ನು ಓದಬೇಕು.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಬಗ್ಗೆ ನನ್ನದೊಂದು ತಕರಾರಿದೆ. ಎ. ಕೆ. ರಾಮಾನುಜನ್ ಅವರು 1976ರಲ್ಲಿ ಮಾಡಿದ ಇಂಗ್ಲಿಷ್ ಅನುವಾದದಿಂದ ಇದು ಹೊರಗಿನ ಓದುಗರಿಗೂ ತಲುಪಿತು. ಎಲ್ಲರೂ ಪ್ರಾಣೇಶಾಚಾರ್ಯರ ತೊಳಲಾಟವನ್ನೇ ಹೊಗಳುತ್ತಾರೆ. ನನಗೆ ಮಾತ್ರ ಚಂದ್ರಿಯೇ ದೊಡ್ಡವಳು. ಹೆಣದ ಸಂಸ್ಕಾರ ಯಾರು ಮಾಡಬೇಕೆಂದು ಇಡೀ ಅಗ್ರಹಾರ ಚರ್ಚೆಗೆ ಕುಳಿತಿರುವಾಗ, ಅವಳು ರಾತ್ರೋರಾತ್ರಿ ದಹನ ಮಾಡಿಸಿಬಿಡುತ್ತಾಳೆ. ಇಂಥವಳ ಮನಸ್ಸಿಗೆ ಇನ್ನೂ ಹೆಚ್ಚು ಪುಟಗಳು ಸಿಗಬೇಕಿತ್ತು.

ಹೆಣ್ಣಿನ ಮನಸ್ಸನ್ನು ಬಲ್ಲವರೆಂದರೆ ತ್ರಿವೇಣಿ. 'ಶರಪಂಜರ'ದ ಕಾವೇರಿ ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ತುತ್ತಾಗುತ್ತಾಳೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದರೂ ಗಂಡ, ನೆರೆಹೊರೆ ಯಾರೂ ಅದನ್ನು ಮರೆಯುವುದಿಲ್ಲ. 1963ರಲ್ಲಿ, ಇನ್ನೂ 34 ವರ್ಷ ವಯಸ್ಸಿನಲ್ಲೇ ತೀರಿಕೊಂಡ ಲೇಖಕಿ ಇದನ್ನು ಅಂದೇ ಬರೆದಿದ್ದರು. ಕೆಲವು ಮಾತುಗಳು ಇಂದು ನಾಟಕೀಯ ಎನ್ನಿಸಬಹುದು. ಆದರೆ "ಜನ ಏನಂತಾರೆ" ಎಂಬ ಹೆದರಿಕೆ ನಮ್ಮ ಮನೆಗಳಿಂದ ಹೋಗಿದೆಯೇ? ನೀವೇ ಹೇಳಿ.

ಎಸ್. ಎಲ್. ಭೈರಪ್ಪನವರ 'ಪರ್ವ' (1979) ಪವಾಡಗಳಿಲ್ಲದ ಮಹಾಭಾರತ. ಕುಂತಿ, ದ್ರೌಪದಿಯರ ನೆನಪಿನ ಭಾಗಗಳನ್ನು ಎರಡು ಸಲ ಓದಿದ್ದೇನೆ. ಯುದ್ಧದ ಭಾಗ ಉದ್ದವಾಯಿತೆಂದೇ ನನ್ನ ಅನಿಸಿಕೆ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಮಹಾರಾಷ್ಟ್ರದ ಓದುಗರೂ ತಮ್ಮವರೊಬ್ಬರನ್ನು ಕಳೆದುಕೊಂಡರು. ಇದಕ್ಕೆ ಕಾರಣ ಪುಣೆಯ ಉಮಾ ಕುಲಕರ್ಣಿಯವರು. 'ವಂಶವೃಕ್ಷ'ದ ಮರಾಠಿ ಅನುವಾದಕ್ಕೆ ಅವರಿಗೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಬಹುಮಾನ ಬಂತು. ಅವರು ಅನುವಾದ ಮಾಡಿದ ರೀತಿಯನ್ನು ಕೇಳಿ: ಪತಿ ವಿರೂಪಾಕ್ಷ ಅವರು ಕನ್ನಡ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ಧ್ವನಿಮುದ್ರಿಸುತ್ತಿದ್ದರು, ಉಮಾ ಅವರು ಅದನ್ನು ಕೇಳಿ ಕೇಳಿ ಮರಾಠಿಗೆ ಇಳಿಸುತ್ತಿದ್ದರು. ಕನ್ನಡ ಸಾಹಿತ್ಯ ಕಿವಿಯಿಂದಲೂ ಒಳಗೆ ಹೋಗುತ್ತದೆ! ನಿಮಗೆ ಅಕ್ಷರ ಬಾರದಿದ್ದರೆ ಅಜ್ಜಿಗೋ ಅಪ್ಪನಿಗೋ ದಿನಕ್ಕೆ ಎರಡು ಪುಟ ಓದಿ ಹೇಳಲು ಕೇಳಿ.

ಇತ್ತೀಚಿನವುಗಳಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನಿಮಗೆ ಹಿಡಿಸುತ್ತದೆ. ಕೈಗೆ ದಿಢೀರನೆ ದುಡ್ಡು ಬಂದ ಮನೆಯೊಂದರ ಕಥೆ. ಆ ಶೀರ್ಷಿಕೆ ಯಾವ ನಿಘಂಟಿನಲ್ಲೂ ಇಲ್ಲ, ಒಂದು ಕುಟುಂಬದವರು ತಮ್ಮೊಳಗೆ ಕಟ್ಟಿಕೊಂಡ ಪದ. ಅರ್ಧ ಮರಾಠಿ, ಅರ್ಧ ಕನ್ನಡ ಬೆರೆಸಿ ನೀವು ಮನೆಯಲ್ಲಿ ಹುಟ್ಟಿಸಿದ ಪದಗಳಿಲ್ಲವೇ? ಬಾನು ಮುಷ್ತಾಕ್ ಅವರ 12 ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಅನುವಾದಿಸಿದವರು ದೀಪಾ ಭಾಸ್ತಿ. ಇಂಗ್ಲಿಷ್‌ನಲ್ಲಿ ಓದಿದರೂ ಸರಿ, ಆಮೇಲೆ ಒಂದು ಕಥೆಯನ್ನಾದರೂ ಕನ್ನಡದಲ್ಲಿ ಓದಿ ನೋಡಿ. ಹೆಂಗಸರ ಸಿಟ್ಟಿನ ಬಿಸಿ ಅಲ್ಲಿ ನೇರವಾಗಿ ತಟ್ಟುತ್ತದೆ.

ಅಕ್ಷರ ಕಲಿಯುವುದು ಕಷ್ಟವೇ? ದೇವನಾಗರಿ ಬಲ್ಲವರಿಗೆ ಅಷ್ಟೇನಿಲ್ಲ. ಕ, ಖ, ಗ, ಘ ಕ್ರಮ ಅದೇ. ಮರಾಠಿಯ ಳಕಾರವೂ ನಮ್ಮಲ್ಲಿದೆ. ಹೊಸದಾಗಿ ಕಲಿಯಬೇಕಾದದ್ದು ಅಕ್ಷರದ ಆಕಾರ, ಎ ಮತ್ತು ಒ ಎಂಬ ಹ್ರಸ್ವ ಸ್ವರಗಳು, ಹಾಗೂ ಒತ್ತಕ್ಷರಗಳು. ಒಂದು ಬೇಸಿಗೆ ರಜೆಯ ಕೆಲಸ, ಅಷ್ಟೆ.

ಮರಾಠಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೋರೋಪಂತ ಕವಿ ಬಾಳಿದ ಊರು ನಮ್ಮದು. ಅವರ 'ಕೇಕಾವಲಿ'ಯನ್ನೂ ಓದಿ. ತುಕಾರಾಮರ ಪಾಲಖಿ ಬಾರಾಮತಿಯಲ್ಲಿ ತಂಗಿ ಪಂಢರಪುರಕ್ಕೆ ಹೋಗುತ್ತದೆ. ಅಲ್ಲಿನ ವಿಠ್ಠಲನೇ ಪುರಂದರದಾಸರ ಅಂಕಿತದಲ್ಲೂ ಇದ್ದಾನೆ. ದೇವರಿಗೇ ಎರಡೂ ಭಾಷೆ ಬೇಕಾಗಿರುವಾಗ ನಮಗೆ ಒಂದೇ ಸಾಕೆನ್ನುವುದು ಹೇಗೆ?

ಈ ಪಟ್ಟಿಯಲ್ಲಿ ಯಾವುದು ಹಿಡಿಸಿತು, ಯಾವುದು ಬೇಸರ ತಂದಿತು ಎಂದು ಮುಂದಿನ ಸಂಚಿಕೆಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ; ತಪ್ಪಿದ್ದರೂ ಚಿಂತೆಯಿಲ್ಲ, ನಾವು ಓದಿಕೊಳ್ಳುತ್ತೇವೆ.