ವೇಗವರ್ಧಕ ಪರಿವರ್ತಕಗಳ ಕಳವು

ವೇಗವರ್ಧಕ ಪರಿವರ್ತಕಗಳ ಕಳವು ಎಂದರೆ ನಿಲ್ಲಿಸಿದ ವಾಹನದ ಅಡಿಯಿಂದ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಹೊಗೆ ಶುದ್ಧೀಕರಣ ಸಾಧನವನ್ನು ಕತ್ತರಿಸಿ ಅಥವಾ ಬಿಚ್ಚಿ ಕದ್ದೊಯ್ಯುವ ಅಪರಾಧ. ಈ ಸಾಧನದೊಳಗಿನ ಪ್ಲಾಟಿನಂ, ಪಲ್ಲೇಡಿಯಂ ಮತ್ತು ರೋಡಿಯಂ ಲೋಹಗಳ ಬೆಲೆಯೇ ಕಳವಿಗೆ ಮುಖ್ಯ ಕಾರಣ. 2019ರ ನಂತರ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಬ್ರಿಟನ್‌ಗಳಲ್ಲಿ ಈ ಅಪರಾಧ ತೀವ್ರವಾಗಿ ಹೆಚ್ಚಿತು. ನೆಲದಿಂದ ಎತ್ತರದಲ್ಲಿರುವ ಮತ್ತು ಬಹುಕಾಲ ಒಂದೇ ಕಡೆ ನಿಂತಿರುವ ವಾಹನಗಳು, ಅದರಲ್ಲೂ ಮೋಟರ್‌ಹೋಮ್ ಎಂದು ಕರೆಯಲಾಗುವ ವಸತಿ ವಾಹನಗಳು ಇದಕ್ಕೆ ಸುಲಭವಾಗಿ ಗುರಿಯಾಗುತ್ತವೆ. ಕಳವನ್ನು ತಡೆಯುವ ಕ್ರಮಗಳು ಎರಡು ಬಗೆಯವು. ವಾಹನದ ಅಡಿಯಲ್ಲಿ ಕಳ್ಳನಿಗೆ ಬೇಕಾಗುವ ಸಮಯವನ್ನು ಹೆಚ್ಚಿಸುವಂಥವು ಮೊದಲನೆಯವು. ಕದ್ದ ಮಾಲಿಗೆ ಕೊಳ್ಳುವವರು ಸಿಗದಂತೆ ಮಾಡುವಂಥವು ಎರಡನೆಯವು.

ರಚನೆ ಮತ್ತು ಮೌಲ್ಯ

ವೇಗವರ್ಧಕ ಪರಿವರ್ತಕವು ಎಂಜಿನ್ ಮತ್ತು ಸೈಲೆನ್ಸರ್‌ಗಳ ನಡುವೆ ಹೊಗೆಕೊಳವೆಯಲ್ಲಿ ಅಳವಡಿಸಲಾದ ಉಕ್ಕಿನ ಡಬ್ಬಿ. ಅದರೊಳಗೆ ಜೇನುಗೂಡಿನಂತೆ ಸಣ್ಣ ರಂಧ್ರಗಳಿರುವ ಸೆರಾಮಿಕ್ ಅಚ್ಚು ಇರುತ್ತದೆ. ಈ ರಂಧ್ರಗಳ ಗೋಡೆಗೆ ಅಲ್ಯೂಮಿನಾ ಲೇಪನವನ್ನು ಹಚ್ಚಿ, ಅದರ ಮೇಲೆ ಪ್ಲಾಟಿನಂ ಗುಂಪಿನ ಲೋಹಗಳನ್ನು ಅತಿಸೂಕ್ಷ್ಮ ಕಣಗಳ ರೂಪದಲ್ಲಿ ಹರಡಲಾಗಿರುತ್ತದೆ. ಪ್ಲಾಟಿನಂ ಮತ್ತು ಪಲ್ಲೇಡಿಯಂಗಳು ಕಾರ್ಬನ್ ಮಾನಾಕ್ಸೈಡ್ ಹಾಗೂ ದಹಿಸದೆ ಉಳಿದ ಹೈಡ್ರೋಕಾರ್ಬನ್‌ಗಳನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿ ಪರಿವರ್ತಿಸಲು ನೆರವಾಗುತ್ತವೆ. ರೋಡಿಯಂ ನೈಟ್ರೋಜನ್ ಆಕ್ಸೈಡ್‌ಗಳನ್ನು ಒಡೆದು ನೈಟ್ರೋಜನ್ ಅನಿಲವಾಗಿಸುತ್ತದೆ. ಈ ಮೂರೂ ಕೆಲಸಗಳನ್ನು ಮಾಡುವ ಪರಿವರ್ತಕಕ್ಕೆ ತ್ರಿಮಾರ್ಗ ಪರಿವರ್ತಕ ಎಂಬ ಹೆಸರಿದೆ.

ವಾಹನಗಳ ಹೊಗೆಗಾಗಿ ಇಂತಹ ಸಾಧನವನ್ನು ರೂಪಿಸಿದವರಲ್ಲಿ ಫ್ರಾನ್ಸ್ ಮೂಲದ ಎಂಜಿನಿಯರ್ ಯೂಜೀನ್ ಹೌಡ್ರಿ ಮೊದಲಿಗರು. 1950ರ ದಶಕದಲ್ಲಿ ಅವರು ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಆಗ ಬಳಕೆಯಲ್ಲಿದ್ದ ಪೆಟ್ರೋಲಿನಲ್ಲಿ ಸೀಸವಿದ್ದು, ಅದು ವೇಗವರ್ಧಕವನ್ನು ಬೇಗನೆ ನಿಷ್ಕ್ರಿಯಗೊಳಿಸುತ್ತಿದ್ದುದರಿಂದ ಸಾಧನವು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಅಮೆರಿಕದ 1970ರ ಶುದ್ಧ ವಾಯು ಕಾಯ್ದೆಯ ನಂತರ ಸೀಸರಹಿತ ಪೆಟ್ರೋಲ್ ದೊರೆಯತೊಡಗಿತು ಮತ್ತು 1975ರ ಮಾದರಿಗಳಿಂದ ಅಲ್ಲಿನ ಹೆಚ್ಚಿನ ಕಾರುಗಳಲ್ಲಿ ಪರಿವರ್ತಕಗಳು ಕಾಣಿಸಿಕೊಂಡವು.

ಒಂದು ಪರಿವರ್ತಕದಲ್ಲಿ ಅಮೂಲ್ಯ ಲೋಹಗಳು ಇರುವುದು ಕೆಲವೇ ಗ್ರಾಂಗಳಷ್ಟು. ಆದರೆ ಅವುಗಳ ಗಣಿಗಾರಿಕೆ ದಕ್ಷಿಣ ಆಫ್ರಿಕ ಮತ್ತು ರಷ್ಯಗಳಲ್ಲಿ ಕೇಂದ್ರೀಕೃತವಾಗಿರುವುದರಿಂದ ಪೂರೈಕೆ ಸ್ವಲ್ಪ ಏರುಪೇರಾದರೂ ಬೆಲೆ ಜಿಗಿಯುತ್ತದೆ. 2016ರಲ್ಲಿ ಒಂದು ಟ್ರಾಯ್ ಔನ್ಸ್, ಅಂದರೆ ಸುಮಾರು 31 ಗ್ರಾಂ, ರೋಡಿಯಂಗೆ 700 ಡಾಲರ್ ಆಸುಪಾಸಿನ ಬೆಲೆಯಿತ್ತು. 2021ರ ಮಾರ್ಚ್‌ನಲ್ಲಿ ಅದು 29,000 ಡಾಲರ್ ಸಮೀಪಿಸಿತು. ಪಲ್ಲೇಡಿಯಂ ಬೆಲೆ 2022ರ ಮಾರ್ಚ್‌ನಲ್ಲಿ 3,000 ಡಾಲರ್ ದಾಟಿತು.

ಕಳವಿನ ಏರಿಕೆ

ಲೋಹಗಳ ಬೆಲೆಯ ಜೊತೆಜೊತೆಗೇ ಕಳವಿನ ಸಂಖ್ಯೆಯೂ ಏರಿತು. ಅಮೆರಿಕದ ರಾಷ್ಟ್ರೀಯ ವಿಮಾ ಅಪರಾಧ ಮಂಡಳಿಯ ಲೆಕ್ಕದ ಪ್ರಕಾರ 2018ರಲ್ಲಿ ಪರಿವರ್ತಕ ಕಳವಿನ 1,298 ವಿಮಾ ಪ್ರಕರಣಗಳು ದಾಖಲಾಗಿದ್ದವು. 2020ರಲ್ಲಿ ಅವು 14,433ಕ್ಕೂ 2021ರಲ್ಲಿ 52,000ಕ್ಕೂ ಮೀರಿ ಬೆಳೆದವು. ಇವು ವಿಮೆ ಕೋರಿದ ಪ್ರಕರಣಗಳು ಮಾತ್ರ. ವಿಮೆ ಇಲ್ಲದವರ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಬೆಲೆಯೊಂದೇ ಈ ಏರಿಕೆಗೆ ಕಾರಣವಲ್ಲ. ಬ್ಯಾಟರಿಯಿಂದ ನಡೆಯುವ ಕೈಗರಗಸಗಳು ಅಗ್ಗವಾಗಿ ಸಿಗುವುದರಿಂದ ಹೊಗೆಕೊಳವೆಯನ್ನು ಕತ್ತರಿಸಲು ಕೆಲವೇ ನಿಮಿಷಗಳು ಸಾಕು. ಇನ್ನೂ ಮುಖ್ಯವಾದುದೆಂದರೆ, ಎಂಜಿನ್ ಮತ್ತು ಚಾಸಿಗಳ ಮೇಲಿರುವಂತೆ ಪರಿವರ್ತಕದ ಮೇಲೆ ಸಾಮಾನ್ಯವಾಗಿ ವಾಹನದ ಗುರುತಿನ ಸಂಖ್ಯೆ ಇರುವುದಿಲ್ಲ. ಬಿಡಿ ಪರಿವರ್ತಕವೊಂದು ಯಾವ ವಾಹನದಿಂದ ಬಂದಿತೆಂದು ತಿಳಿಯಲು ಸಾಧ್ಯವಾಗದಿದ್ದರೆ, ಅದು ಕದ್ದದ್ದೆಂದು ಸಾಬೀತುಪಡಿಸುವುದೂ ಕಷ್ಟ. ಗುಜರಿ ವ್ಯಾಪಾರಿಯ ಮೂಲಕ ಅದು ಲೋಹ ಶುದ್ಧೀಕರಣ ಘಟಕವನ್ನು ತಲುಪಿ ಪುಡಿಯಾದ ಮೇಲೆ ಯಾವ ಗುರುತೂ ಉಳಿಯುವುದಿಲ್ಲ. 2022ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಐದು ರಾಜ್ಯಗಳಲ್ಲಿ 21 ಮಂದಿಯ ವಿರುದ್ಧ ಕ್ರಮ ಕೈಗೊಂಡಿರುವುದಾಗಿ ಪ್ರಕಟಿಸಿತು. ಕದ್ದ ಪರಿವರ್ತಕಗಳ ಈ ವ್ಯವಹಾರದಲ್ಲಿ ಸರ್ಕಾರವು ಮುಟ್ಟುಗೋಲಿಗೆ ಕೋರಿದ ಮೊತ್ತ 54.5 ಕೋಟಿ ಡಾಲರ್‌ಗಳಷ್ಟಿತ್ತು.

ಗುರಿಯಾಗುವ ವಾಹನಗಳು

ಟೊಯೊಟಾ ಪ್ರಿಯಸ್‌ನಂತಹ ಹೈಬ್ರಿಡ್ ಕಾರುಗಳು ಕಳ್ಳರನ್ನು ಹೆಚ್ಚು ಆಕರ್ಷಿಸುತ್ತವೆ. ಇವುಗಳಲ್ಲಿ ಪೆಟ್ರೋಲ್ ಎಂಜಿನ್ ನಿರಂತರವಾಗಿ ಓಡುವುದಿಲ್ಲವಾದ್ದರಿಂದ ಪರಿವರ್ತಕದ ಲೋಹಗಳು ಹೆಚ್ಚು ಸವೆಯದೆ ಉಳಿದಿರುತ್ತವೆ. ಬ್ರಿಟನ್ನಿನಲ್ಲಿ ಪ್ರಿಯಸ್ ಜೊತೆಗೆ ಹೋಂಡಾ ಜಾಜ್ ಕೂಡ ಹೆಚ್ಚಾಗಿ ಕಳವಿಗೆ ಗುರಿಯಾಗಿದೆ. ಪಿಕಪ್ ಟ್ರಕ್, ವ್ಯಾನ್, ಶಾಲಾ ಬಸ್ಸುಗಳ ಅಡಿಗೆ ಜಾಕ್ ಇಲ್ಲದೆಯೇ ನುಸುಳಬಹುದಾದ್ದರಿಂದ ಅವೂ ಸುಲಭ ಗುರಿಗಳಾಗಿವೆ.

ಮೋಟರ್‌ಹೋಮ್‌ಗಳಲ್ಲಿ ಹಲವು ದೌರ್ಬಲ್ಯಗಳು ಒಟ್ಟಿಗೆ ಸೇರಿರುತ್ತವೆ. ಅಮೆರಿಕದ ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ ಅನೇಕವನ್ನು ಫೋರ್ಡ್ ಕಂಪನಿಯ ಇ-ಸರಣಿ ಮತ್ತು ಎಫ್-53 ಚಾಸಿಗಳ ಮೇಲೆ ಕಟ್ಟಲಾಗುತ್ತದೆ. ಇವುಗಳ ಎಂಜಿನ್ ದೊಡ್ಡದು, ಅಡಿಭಾಗ ಎತ್ತರದಲ್ಲಿದ್ದು ತೆರೆದಿರುತ್ತದೆ. ಪ್ರವಾಸದ ಋತು ಮುಗಿದ ಮೇಲೆ ಇವುಗಳನ್ನು ಊರ ಹೊರಗಿನ ಬಾಡಿಗೆ ಅಂಗಳಗಳಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದುಂಟು. ವಾಹನವನ್ನು ದಿನವೂ ಬಳಸುವವರಿಗೆ ಕಳವು ಮರುದಿನ ಬೆಳಿಗ್ಗೆಯೇ ತಿಳಿಯುತ್ತದೆ. ಮೋಟರ್‌ಹೋಮ್ ಮಾಲೀಕರಿಗೆ ಮುಂದಿನ ಪ್ರವಾಸಕ್ಕೆ ಎಂಜಿನ್ ಚಾಲೂ ಮಾಡಿದಾಗಲೇ ತಿಳಿಯಬಹುದು. ಅಷ್ಟರಲ್ಲಿ ಕ್ಯಾಮರಾದ ದೃಶ್ಯಗಳು ಅಳಿಸಿಹೋಗಿರುವ ಸಾಧ್ಯತೆಯೂ ಇದೆ. ಡೀಸೆಲ್ ಮೋಟರ್‌ಹೋಮ್‌ಗಳ ಹೊಗೆ ಶುದ್ಧೀಕರಣ ವ್ಯವಸ್ಥೆಯಲ್ಲೂ ಪ್ಲಾಟಿನಂ ಮತ್ತು ಪಲ್ಲೇಡಿಯಂ ಇರುವುದರಿಂದ ಅವು ಸಂಪೂರ್ಣ ಸುರಕ್ಷಿತವಲ್ಲ.

ಪರಿಣಾಮಗಳು

ಪರಿವರ್ತಕ ಇಲ್ಲದ ವಾಹನವನ್ನು ಚಾಲೂ ಮಾಡಿದೊಡನೆ ಎಂಜಿನ್ ಕರ್ಕಶವಾಗಿ ಗರ್ಜಿಸುತ್ತದೆ. ಕೊಳವೆಯ ಜೊತೆಗೆ ಆಮ್ಲಜನಕ ಸಂವೇದಕ, ವಿದ್ಯುತ್ ತಂತಿ, ಕೆಲವೊಮ್ಮೆ ಇಂಧನ ಕೊಳವೆಗಳೂ ಹಾನಿಗೊಂಡಿರುತ್ತವೆ. ಕಳ್ಳನಿಗೆ ದೊರೆಯುವ ಹಣಕ್ಕಿಂತ ಮಾಲೀಕನು ದುರಸ್ತಿಗೆ ತೆರಬೇಕಾದ ಹಣ ಬಹುಪಾಲು ಹಲವು ಪಟ್ಟು ಹೆಚ್ಚು. ಅಮೆರಿಕದಲ್ಲಿ ಈ ವೆಚ್ಚ ಸಾಮಾನ್ಯವಾಗಿ ಸಾವಿರ ಡಾಲರ್ ಮೀರುತ್ತದೆ. ಹಳೆಯ ವಾಹನಗಳ ವಿಷಯದಲ್ಲಿ ಅದು ವಾಹನದ ಬೆಲೆಯನ್ನೇ ಮೀರುವುದರಿಂದ ವಿಮಾ ಕಂಪನಿಗಳು ಅವನ್ನು ಪೂರ್ಣ ನಷ್ಟವೆಂದು ಪರಿಗಣಿಸುವುದುಂಟು.

ಆರೋಗ್ಯದ ಅಪಾಯವೂ ಇದೆ. ಕೊಳವೆ ತುಂಡಾದಾಗ ಶುದ್ಧೀಕರಣಗೊಳ್ಳದ ಹೊಗೆ ವಾಹನದ ನಡುಭಾಗದ ಅಡಿಯಲ್ಲೇ ಹೊರಬೀಳುತ್ತದೆ. ಮಲಗುವ ಕೋಣೆ, ಅಡುಗೆಮನೆಗಳಿರುವ ಮೋಟರ್‌ಹೋಮ್‌ನಲ್ಲಿ ನೆಲದ ಸಂದುಗಳ ಮೂಲಕ ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಒಳನುಗ್ಗಬಹುದು. ಆದುದರಿಂದ ಪರಿವರ್ತಕ ಕಳವಾದ ವಾಹನವನ್ನು ಓಡಿಸದೆ, ಎಳೆದೊಯ್ಯುವ ವಾಹನದ ನೆರವಿನಿಂದ ಸಾಗಿಸುವುದು ಸುರಕ್ಷಿತ.

ಕಳವನ್ನು ಎದುರಿಸಲು ಹೋದವರು ಪ್ರಾಣ ಕಳೆದುಕೊಂಡದ್ದೂ ಇದೆ. 2022ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯಲ್ಲಿ, ಕರ್ತವ್ಯದಲ್ಲಿಲ್ಲದ ವೇಳೆ ತಮ್ಮ ಟ್ರಕ್ಕಿನ ಪರಿವರ್ತಕವನ್ನು ಕದಿಯುತ್ತಿದ್ದವರನ್ನು ತಡೆಯಲು ಹೋದ ಪೊಲೀಸ್ ಅಧಿಕಾರಿಯೊಬ್ಬರು ಗುಂಡೇಟಿಗೆ ಬಲಿಯಾದರು. 2023ರಲ್ಲಿ ಆ ರಾಜ್ಯವು ಅವರ ಹೆಸರಿನಲ್ಲೇ ಕಾಯ್ದೆಯೊಂದನ್ನು ತಂದು ಈ ಅಪರಾಧದ ಶಿಕ್ಷೆಯನ್ನು ಬಿಗಿಗೊಳಿಸಿತು. ಕಳವು ನಡೆಯುತ್ತಿರುವುದು ಕಂಡರೆ ಕಳ್ಳರನ್ನು ಎದುರಿಸದೆ, ದೂರದಿಂದಲೇ ಪೊಲೀಸರಿಗೆ ಕರೆ ಮಾಡುವಂತೆ ಪೊಲೀಸ್ ಇಲಾಖೆಗಳು ಸೂಚಿಸುತ್ತವೆ.

ತಡೆಗಟ್ಟುವ ಕ್ರಮಗಳು

ನಿಲುಗಡೆಯ ಸ್ಥಳ

ಬೀಗವಿರುವ ಗ್ಯಾರೇಜು ಅತ್ಯಂತ ಸುರಕ್ಷಿತ. ಅದಿಲ್ಲದಿದ್ದಲ್ಲಿ ಬೆಳಕಿರುವ, ಜನರ ಓಡಾಟವಿರುವ ಸ್ಥಳದಲ್ಲಿ, ಪರಿವರ್ತಕವಿರುವ ಬದಿಯು ಗೋಡೆಗೆ ಹತ್ತಿರವಾಗುವಂತೆ ವಾಹನವನ್ನು ನಿಲ್ಲಿಸಬಹುದು. ಹಲವು ವಾಹನಗಳಿರುವ ಸಂಸ್ಥೆಗಳು ಎತ್ತರದ ವ್ಯಾನುಗಳನ್ನು ನಡುವೆ ನಿಲ್ಲಿಸಿ, ಸುತ್ತಲೂ ತಗ್ಗಿನ ಕಾರುಗಳನ್ನು ಒತ್ತಾಗಿ ಇಡುವ ಕ್ರಮವನ್ನು ಅನುಸರಿಸುತ್ತವೆ. ಮೋಟರ್‌ಹೋಮ್‌ಗೆ ಬಾಡಿಗೆ ಅಂಗಳ ಆಯ್ದುಕೊಳ್ಳುವಾಗ ಬೇಲಿ, ರಾತ್ರಿ ಕಾವಲು, ಒಳಬರುವವರ ದಾಖಲೆ ಮತ್ತು ಕ್ಯಾಮರಾ ದೃಶ್ಯಗಳನ್ನು ಎಷ್ಟು ದಿನ ಉಳಿಸಿಕೊಳ್ಳಲಾಗುತ್ತದೆ ಎಂಬುದನ್ನು ವಿಚಾರಿಸುವುದು ಒಳ್ಳೆಯದು. ವಾಹನವನ್ನು ಆಗಾಗ ಹೋಗಿ ನೋಡಿಬರುವುದರಿಂದ ಕಳವಾದರೂ ಬೇಗನೆ ತಿಳಿಯುತ್ತದೆ.

ಲೋಹದ ಕವಚ ಮತ್ತು ಪಂಜರ

ಪರಿವರ್ತಕದ ಕೆಳಗೆ ಚಾಸಿಗೆ ಬಿಗಿಯುವ ಉಕ್ಕಿನ ಅಥವಾ ಅಲ್ಯೂಮಿನಿಯಂ ತಗಡು, ಉಕ್ಕಿನ ಸರಳುಗಳ ಪಂಜರ ಮತ್ತು ಗಟ್ಟಿಗೊಳಿಸಿದ ಉಕ್ಕಿನ ಹಗ್ಗದ ಬಲೆ, ಈ ಮೂರು ವಿಧದ ರಕ್ಷಣೆಗಳು ಬಳಕೆಯಲ್ಲಿವೆ. ತಗಡಿಗೆ ಸಾಮಾನ್ಯ ಸ್ಪ್ಯಾನರ್‌ನಿಂದ ಬಿಚ್ಚಲಾಗದ ವಿಶೇಷ ತಲೆಯ ಬೋಲ್ಟ್‌ಗಳನ್ನು ಬಳಸಲಾಗುತ್ತದೆ. ಇವೆಲ್ಲವುಗಳ ಉದ್ದೇಶ ಒಂದೇ: ಒಂದೆರಡು ನಿಮಿಷದ ಕೆಲಸವನ್ನು ಹೆಚ್ಚು ಹೊತ್ತಿನ, ಸದ್ದಿನ ಕೆಲಸವಾಗಿಸುವುದು. ಚಾಲನೆಯ ವೇಳೆ ಪರಿವರ್ತಕದ ಉಷ್ಣತೆ ನೂರಾರು ಡಿಗ್ರಿ ಸೆಲ್ಸಿಯಸ್‌ಗೆ ಏರುವುದರಿಂದ ಕವಚದಲ್ಲಿ ಗಾಳಿಯಾಡಲು ರಂಧ್ರಗಳಿರಬೇಕು. ಒಣಹುಲ್ಲು, ಎಲೆ ಮತ್ತು ಎಣ್ಣೆ ಅದರ ಮೇಲೆ ಸಂಗ್ರಹವಾಗದಂತೆಯೂ ನೋಡಿಕೊಳ್ಳಬೇಕು. ಸುಲಭವಾಗಿ ಉರಿಯುವ ಯಾವುದೇ ವಸ್ತುವನ್ನು ಪರಿವರ್ತಕಕ್ಕೆ ಸುತ್ತುವುದು ಬೆಂಕಿಗೆ ದಾರಿ ಮಾಡಿಕೊಡುತ್ತದೆ.

ಎಚ್ಚರಿಕೆ ಸಾಧನಗಳು

ಬಾಗಿಲು ತೆರೆದಾಗ ಮಾತ್ರ ಕೂಗುವ ಸಾಮಾನ್ಯ ಅಲಾರಂಗಳು ಅಡಿಯಲ್ಲಿ ನಡೆಯುವ ಕಳವನ್ನು ಗುರುತಿಸುವುದಿಲ್ಲ. ವಾಹನ ಓರೆಯಾದುದನ್ನು ಅಥವಾ ಕೊಳವೆಯ ಕಂಪನವನ್ನು ಗ್ರಹಿಸುವ ಅಲಾರಂ ಇದಕ್ಕೆ ಸೂಕ್ತ. ಗಾಳಿ ಮತ್ತು ಹಾದುಹೋಗುವ ಲಾರಿಗಳಿಂದ ಸುಳ್ಳು ಎಚ್ಚರಿಕೆ ಬರುವುದು ಇದರ ದೋಷ. ನಿರ್ಜನ ಅಂಗಳದಲ್ಲಿ ಕೂಗುವ ಅಲಾರಂಗಿಂತ ಮಾಲೀಕನ ಮೊಬೈಲ್‌ಗೆ ಸಂದೇಶ ಕಳುಹಿಸುವ ಸಾಧನ ಹೆಚ್ಚು ಉಪಯುಕ್ತ. ದೀರ್ಘಕಾಲ ನಿಲ್ಲುವ ವಾಹನದಲ್ಲಿ ಅದು ಬ್ಯಾಟರಿಯನ್ನು ಬರಿದು ಮಾಡದಂತೆ ನೋಡಿಕೊಳ್ಳಬೇಕಾಗುತ್ತದೆ.

ಗುರುತು ಹಾಕುವುದು

ವಾಹನದ ಗುರುತಿನ ಸಂಖ್ಯೆ ಅಥವಾ ನೋಂದಣಿ ಸಂಖ್ಯೆಯನ್ನು ಪರಿವರ್ತಕದ ಹೊರಡಬ್ಬಿಯ ಮೇಲೆ ಕೆತ್ತಿ, ಶಾಖ ತಡೆಯುವ ಎದ್ದುಕಾಣುವ ಬಣ್ಣವನ್ನು ಬಳಿಯುವುದು ಕಡಿಮೆ ವೆಚ್ಚದ ಕ್ರಮ. ಇದು ಗರಗಸವನ್ನು ತಡೆಯುವುದಿಲ್ಲ. ಆದರೆ ಪ್ರಾಮಾಣಿಕ ವ್ಯಾಪಾರಿಯು ಅಂತಹ ಭಾಗವನ್ನು ಕೊಳ್ಳಲು ಹಿಂಜರಿಯುತ್ತಾನೆ ಮತ್ತು ಪೊಲೀಸರಿಗೆ ಸಿಕ್ಕ ಭಾಗವು ನಿರ್ದಿಷ್ಟ ವಾಹನದ್ದೆಂದು ಸಾಬೀತುಪಡಿಸಲು ಸಾಧ್ಯವಾಗುತ್ತದೆ. ಅಮೆರಿಕದ ಹಲವು ನಗರಗಳ ಪೊಲೀಸರು ಗುರುತು ಹಾಕುವ ಶಿಬಿರಗಳನ್ನು ಉಚಿತವಾಗಿ ನಡೆಸಿದ್ದಾರೆ.

ಕಾನೂನು ಕ್ರಮಗಳು

ಮಾಲೀಕನು ಕೈಗೊಳ್ಳುವ ಯಾವುದೇ ಕ್ರಮವು ಕಳವನ್ನು ಪೂರ್ತಿಯಾಗಿ ನಿಲ್ಲಿಸಲಾರದು. ಕವಚವಿರುವ ವಾಹನವನ್ನು ಬಿಟ್ಟು ಕಳ್ಳನು ಪಕ್ಕದ ವಾಹನದತ್ತ ತಿರುಗಬಹುದು. ಈ ಕಾರಣದಿಂದ ಇತ್ತೀಚಿನ ಕಾನೂನುಗಳು ಖರೀದಿಯ ಹಂತಕ್ಕೆ ಒತ್ತು ನೀಡಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2013ರ ಗುಜರಿ ಲೋಹ ವ್ಯಾಪಾರಿಗಳ ಕಾಯ್ದೆಯು ಗುಜರಿ ಲೋಹಕ್ಕೆ ನಗದು ಪಾವತಿಯನ್ನು ನಿಷೇಧಿಸಿ, ಮಾರುವವನ ಹೆಸರು ಮತ್ತು ವಿಳಾಸದ ಪರಿಶೀಲನೆಯನ್ನು ಕಡ್ಡಾಯಗೊಳಿಸಿದೆ. ಕ್ಯಾಲಿಫೋರ್ನಿಯದಲ್ಲಿ 2022ರಲ್ಲಿ ಅಂಗೀಕಾರವಾದ ಕಾನೂನುಗಳ ಪ್ರಕಾರ, ಬಿಡಿ ಪರಿವರ್ತಕಗಳನ್ನು ವಾಹನದ ಮಾಲೀಕರು ಅಥವಾ ಪರವಾನಗಿ ಪಡೆದ ವಾಹನ ಉದ್ಯಮದವರಂತಹ ನಿರ್ದಿಷ್ಟ ಮಾರಾಟಗಾರರಿಂದ ಮಾತ್ರ ಕೊಳ್ಳಬಹುದು. ಮಿನ್ನೆಸೋಟ ರಾಜ್ಯವು 2023ರಲ್ಲಿ, ಯಾವ ವಾಹನದ್ದೆಂಬ ಗುರುತಿಲ್ಲದ ಬಿಡಿ ಪರಿವರ್ತಕವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಕಳವನ್ನು ಕಣ್ಣಾರೆ ಕಂಡವರಿಲ್ಲದಿದ್ದರೂ ಕ್ರಮ ಜರುಗಿಸಲು ಇದರಿಂದ ಅವಕಾಶವಾಯಿತು.

2023ರ ಕೊನೆಯ ವೇಳೆಗೆ ರೋಡಿಯಂ ಬೆಲೆ 5,000 ಡಾಲರ್‌ಗಿಂತ ಕೆಳಗಿಳಿಯಿತು, ಕಳವೂ ತಗ್ಗಿತು. ಬೆಲೆಯ ಇಳಿಕೆ ಮತ್ತು ಹೊಸ ಕಾನೂನುಗಳು ಒಂದೇ ಕಾಲಕ್ಕೆ ಬಂದುದರಿಂದ ಇವೆರಡರ ಪಾತ್ರವನ್ನು ಬೇರ್ಪಡಿಸಿ ಹೇಳುವುದು ಕಷ್ಟ.

ಭಾರತದಲ್ಲಿ

ಭಾರತದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕೋಲ್ಕತ್ತ ಮತ್ತು ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕವನ್ನು ಕಡ್ಡಾಯಗೊಳಿಸಿ, ಸೀಸರಹಿತ ಪೆಟ್ರೋಲ್ ಪೂರೈಕೆಯನ್ನು ಆರಂಭಿಸಲಾಯಿತು. 2020ರ ಏಪ್ರಿಲ್ 1ರಂದು ದೇಶದಾದ್ಯಂತ ಭಾರತ್ ಸ್ಟೇಜ್ 6 ಮಾನದಂಡಗಳು ಜಾರಿಗೆ ಬಂದವು. ಈ ಅಪರಾಧ ಇಲ್ಲಿ ಸಾಮಾನ್ಯವಾಗಿ ‘ಸೈಲೆನ್ಸರ್ ಕಳವು’ ಎಂಬ ಹೆಸರಿನಲ್ಲಿ ವರದಿಯಾಗುತ್ತದೆ. ಗುಜರಾತ್, ಮಹಾರಾಷ್ಟ್ರ ಮತ್ತು ದೆಹಲಿಗಳಲ್ಲಿ ಮುಖ್ಯವಾಗಿ ಮಾರುತಿ ಈಕೋ ವ್ಯಾನುಗಳಿಂದ ಸೈಲೆನ್ಸರ್ ಬಿಚ್ಚಿ, ಒಳಗಿನ ಪುಡಿಯನ್ನು ಮಾರಿದ ಪ್ರಕರಣಗಳು ಬೆಳಕಿಗೆ ಬಂದಿವೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳವಿಗೂ, 317ನೇ ಕಲಮು ಕದ್ದ ಮಾಲೆಂದು ತಿಳಿದೂ ಅದನ್ನು ಪಡೆಯುವುದಕ್ಕೂ ಅನ್ವಯಿಸುತ್ತವೆ. ಆದುದರಿಂದ ಕದ್ದದ್ದೆಂದು ಅರಿತು ಕೊಂಡ ಗುಜರಿ ವ್ಯಾಪಾರಿಯೂ ಶಿಕ್ಷೆಗೆ ಗುರಿಯಾಗುತ್ತಾನೆ.

ಕಳವಾದ ನಂತರ

ಕಳವು ತಿಳಿದೊಡನೆ ವಾಹನವನ್ನು ಕದಲಿಸದೆ ಕತ್ತರಿಸಿದ ಭಾಗದ ಛಾಯಾಚಿತ್ರ ತೆಗೆದು, ಪೊಲೀಸರಿಗೆ ದೂರು ನೀಡಿ, ದೂರಿನ ಪ್ರತಿಯನ್ನು ವಿಮಾ ಕಂಪನಿಗೆ ಸಲ್ಲಿಸಬೇಕು. ಮೂರನೇ ವ್ಯಕ್ತಿಯ ಹಾನಿಗಷ್ಟೇ ಸೀಮಿತವಾದ ವಿಮೆಯಲ್ಲಿ ಈ ನಷ್ಟಕ್ಕೆ ಪರಿಹಾರ ದೊರೆಯುವುದಿಲ್ಲ. ಹೊಸ ಪರಿವರ್ತಕವನ್ನು ಅಳವಡಿಸುವಾಗಲೇ ಅದರ ಮೇಲೆ ಗುರುತು ಕೆತ್ತಿಸಿ ಕವಚ ಹಾಕಿಸುವುದು ಸೂಕ್ತ. ಒಮ್ಮೆ ಕಳವಾದ ವಾಹನಕ್ಕೆ ಹೊಸ ಭಾಗ ಬಂದಿರುವುದು ಕಳ್ಳರಿಗೆ ತಿಳಿದಿರುವುದರಿಂದ ಅದೇ ವಾಹನದಲ್ಲಿ ಮತ್ತೆ ಕಳವಾಗುವುದುಂಟು.