ಕಳೆದುಹೋದ ದುಡಿಮೆಯ ಲೆಕ್ಕ: ನಿರ್ಮಾಣ ಗುತ್ತಿಗೆ ಮತ್ತು ಅಡಚಣೆಯ ಪರಿಹಾರ

ನಿರ್ಮಾಣ ಗುತ್ತಿಗೆಗಳ ಚರ್ಚೆಯಲ್ಲಿ ವಿಳಂಬ ಮತ್ತು ಅಡಚಣೆಗಳನ್ನು ಒಂದೇ ಎಂದು ಭಾವಿಸುವುದುಂಟು. ವಸ್ತುತಃ ಇವು ಬೇರೆ ಬೇರೆ. ಕಾಮಗಾರಿ ನಿಗದಿತ ದಿನಾಂಕವನ್ನು ಮೀರಿದರೆ ಅದು ವಿಳಂಬ. ದಿನಾಂಕ ಮೀರದಿದ್ದರೂ ಅದೇ ಕೆಲಸಕ್ಕೆ ಹೆಚ್ಚು ಆಳು ಹಿಡಿಯುವಂತಾದರೆ ಅದು ಅಡಚಣೆ. ನಕ್ಷೆಗಳು ತಡವಾಗಿ ಕೈಸೇರುವುದು, ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕಾಗುವುದು, ಒಂದೇ ಜಾಗದಲ್ಲಿ ಹಲವು ತಂಡಗಳು ಕಿಕ್ಕಿರಿಯುವುದು ಇದರ ಸಾಮಾನ್ಯ ಕಾರಣಗಳು.

ದುಡಿಯುವವರ ಮಾತಿನಲ್ಲಿ 'ಆಳು' ಎಂಬುದು ವ್ಯಕ್ತಿಯೂ ಹೌದು, ಅಳತೆಯೂ ಹೌದು. ಗೋಡೆಯೊಂದಕ್ಕೆ ಎಷ್ಟು ಆಳು ಬೇಕೆಂಬುದನ್ನು ಅನುಭವಿ ಮೇಸ್ತ್ರಿ ನೋಡಿಯೇ ಹೇಳಬಲ್ಲ. ಮಣ್ಣು ಅಗೆಯುವಾಗ ಗುಂಡಿಯ ನಡುವೆ ಅಲ್ಲಲ್ಲಿ ಅಗೆಯದ ದಿಬ್ಬವನ್ನು ಉಳಿಸಿ, ಅದರ ಎತ್ತರದಿಂದ ಕೆಲಸವನ್ನು ಅಳೆಯುವ ಪದ್ಧತಿಯೂ ಇದೆ. ಅಗೆದುದಕ್ಕೆ ಅಗೆಯದೆ ಉಳಿದುದೇ ಸಾಕ್ಷಿ.

ಅಡಚಣೆಯ ನಷ್ಟವನ್ನು ನಿರ್ಧರಿಸುವ 'ಮೆಷರ್ಡ್ ಮೈಲ್' ವಿಧಾನದ ತಿರುಳೂ ಇದೇ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಹೊರತಂದ ಮಾರ್ಗದರ್ಶಿಯ 2017ರ ಎರಡನೆಯ ಆವೃತ್ತಿಯು ಸಾಧ್ಯವಿರುವೆಡೆಯಲ್ಲೆಲ್ಲ ಈ ವಿಧಾನಕ್ಕೆ ಆದ್ಯತೆ ನೀಡುತ್ತದೆ. ಅಡಚಣೆಯಿಲ್ಲದೆ ಸಾಗಿದ ಭಾಗದ ದುಡಿಮೆಯೊಂದಿಗೆ ಅಡಚಣೆಗೊಳಗಾದ ಭಾಗದ ದುಡಿಮೆಯನ್ನು ಹೋಲಿಸುವುದು ಇದರ ಕ್ರಮ. ಉದಾಹರಣೆಗೆ, ಒಂದು ಘನಮೀಟರ್ ಇಟ್ಟಿಗೆ ಕೆಲಸಕ್ಕೆ ಮೊದಲು 2.5 ಆಳು, ಅನಂತರ 3.5 ಆಳು ಹಿಡಿದಿದ್ದರೆ 200 ಘನಮೀಟರಿಗೆ 200 ಆಳು ಹೆಚ್ಚುವರಿ. ಆದರೆ ಹೋಲಿಸುವ ಕೆಲಸಗಳು ಒಂದೇ ಬಗೆಯವಾಗಿರಬೇಕು. ಗುತ್ತಿಗೆದಾರನ ಸ್ವಂತ ಲೋಪಗಳಿಂದಾದ ನಷ್ಟವನ್ನು ಕಳೆಯಬೇಕು. ಪ್ರತಿಯೊಂದು ಕಾರಣಕ್ಕೂ ಅದರ ಪರಿಣಾಮಕ್ಕೂ ಇರುವ ಸಂಬಂಧವನ್ನು ತೋರಿಸಬೇಕು.

ಭಾರತದಲ್ಲಿ ಇಂತಹ ಬೇಡಿಕೆಗೆ 1872ರ ಕರಾರು ಅಧಿನಿಯಮದ 73ನೆಯ ಕಲಮು ಆಧಾರ. ದೂರದ ಹಾಗೂ ಪರೋಕ್ಷ ನಷ್ಟಕ್ಕೆ ಅಲ್ಲಿ ಪರಿಹಾರವಿಲ್ಲ. ಸಮಯವೇ ಮುಖ್ಯವಾದ ಕರಾರಿನಲ್ಲಿ, ತಡವಾದ ನಿರ್ವಹಣೆಯನ್ನು ಒಪ್ಪಿಕೊಳ್ಳುವಾಗಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸಬೇಕೆಂದು 55ನೆಯ ಕಲಮು ವಿಧಿಸುತ್ತದೆ. ವಿಳಂಬದ ನಷ್ಟಕ್ಕೆ ಬಳಸುವ ಹಡ್ಸನ್, ಎಮ್ಡೆನ್, ಐಕ್ಲೇ ಸೂತ್ರಗಳನ್ನು ಸರ್ವೋಚ್ಚ ನ್ಯಾಯಾಲಯವು 2006ರ ಮ್ಯಾಕ್‌ಡರ್ಮಟ್ ತೀರ್ಪಿನಲ್ಲಿ ಗುರುತಿಸಿತು. ಆದರೆ 2023ರ ಬಾಟ್ಲಿಬಾಯ್ ಪ್ರಕರಣದಲ್ಲಿ, ಸಮರ್ಪಕ ಆಧಾರವಿಲ್ಲದೆ ನೀಡಿದ್ದ ಪರಿಹಾರವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಲಿಲ್ಲ. ಸೂತ್ರವು ಸಾಕ್ಷ್ಯದ ಸ್ಥಾನವನ್ನು ತುಂಬಲಾರದು.

ಆದುದರಿಂದ ಬೇಡಿಕೆಯ ಸಿದ್ಧತೆ ಕೆಲಸ ಮುಗಿದ ಮೇಲೆ ಅಲ್ಲ, ಮೊದಲ ದಿನವೇ ಆರಂಭವಾಗಬೇಕು. ಹಾಜರಿ ಪಟ್ಟಿ, ಕಾಮಗಾರಿಯ ದಿನಚರಿ, ಅಳತೆ ಪುಸ್ತಕ, ದಿನಾಂಕ ಸಹಿತ ಛಾಯಾಚಿತ್ರ, ಕರಾರಿನ ಅವಧಿಯೊಳಗೆ ಕಳುಹಿಸಿದ ಸೂಚನಾಪತ್ರ ಇವು ಇದರ ಆಕರಗಳು. ಯಾವ ತಂಡ, ಯಾವ ಜಾಗದಲ್ಲಿ, ಏತಕ್ಕಾಗಿ ಕೈಕಟ್ಟಿ ಕುಳಿತಿತು ಎಂಬ ಮೇಸ್ತ್ರಿಯ ಮಾತು ಅಂದೇ ಬರಹಕ್ಕಿಳಿಯದಿದ್ದರೆ ವರ್ಷಗಳ ನಂತರ ಪಂಚಾಯ್ತಿದಾರರ ಮುಂದೆ ಅದರ ತೂಕ ಕುಗ್ಗುತ್ತದೆ.

ಇಲ್ಲಿ ಇನ್ನೊಂದು ನಷ್ಟವೂ ಅಡಗಿದೆ. ಮಾಡಿದ ಕೆಲಸದ ಅಳತೆಯ ಮೇಲೆ ಕೂಲಿ ಪಡೆಯುವವರಿಗೆ ಕೆಲಸ ನಿಂತ ಹೊತ್ತಿನ ಕೂಲಿ ದಕ್ಕದೆ ಹೋಗಬಹುದು. ಆಗ ಅದು ಗುತ್ತಿಗೆದಾರನ ವೆಚ್ಚದಲ್ಲಿ ಕಾಣದು, ಆದ್ದರಿಂದ ಅವನ ಬೇಡಿಕೆಯಲ್ಲೂ ಕಾಣದು. ಕರಾರಿನ ಪಕ್ಷಕಾರರಲ್ಲದ ಇವರ ಕಳೆದುಹೋದ ದಿನಗಳಿಗೆ ಉಳಿಯುವ ಗುರುತೆಂದರೆ ಸರಿಯಾಗಿ ಬರೆದ ಹಾಜರಿ ಪಟ್ಟಿಯೊಂದೇ.