ದಂಡೆ ಕೊರೆಯುವ ಹುಣ್ಣು

ರಾಯಬಾಗ ತಾಲೂಕಿನ ದಿಗ್ಗೇವಾಡಿ ಕೃಷ್ಣೆಯ ದಂಡೆಯ ಊರು. ಮಹಾಪೂರ ಇಳಿದ ಮೇಲೆ ನದಿಯ ಅಂಚಿನಲ್ಲಿ ನಿಂತು ನೋಡಿದರೆ ಮೇಲಿನ ಹುಲ್ಲು ಹಸಿರಾಗಿಯೇ ಇರುತ್ತದೆ, ನೆಲವೂ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಅಡಿಯ ಮಣ್ಣನ್ನು ನೀರು ಎಷ್ಟು ದೂರ ಕೊರೆದಿದೆಯೆಂಬುದು ಮೇಲಿನಿಂದ ತಿಳಿಯದು. ಆದುದರಿಂದಲೇ ನದಿಯ ನೆರೆಯವರು ಕಾಣುವ ಅಂಚನ್ನು ನಂಬದೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಾರೆ.

ನಮ್ಮ ಚರ್ಮದಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರು, ಅಂದರೆ ಏಡಿಗಂತಿ, ಇದೇ ರೀತಿ ನಡೆದುಕೊಳ್ಳುತ್ತದೆ. ಅದರ ಚಿಕಿತ್ಸೆಯ ಇತಿಹಾಸವೆಲ್ಲ ಕಣ್ಣಿಗೆ ಕಾಣದ ಆ ಅಂಚನ್ನು ಹುಡುಕಿದ ಇತಿಹಾಸವೆಂದರೂ ಸಲ್ಲುತ್ತದೆ.

ರೋಗದ ಪರಿಚಯ

ನಮ್ಮ ಹೊರಚರ್ಮವು ಅನೇಕ ಪದರಗಳ ಜೀವಕೋಶಗಳಿಂದಾದುದು. ಎಲ್ಲಕ್ಕೂ ಕೆಳಗಿನ ಪದರದ ಕೋಶಗಳು ಸದಾ ಒಡೆದು ಎರಡಾಗುತ್ತ, ಹೊಸ ಕೋಶಗಳನ್ನು ಮೇಲಕ್ಕೆ ಕಳುಹಿಸುತ್ತಿರುತ್ತವೆ. ಇವುಗಳನ್ನು ಹೋಲುವ ಕೋಶಗಳು ಅಂಕೆ ಮೀರಿ ಬೆಳೆದಾಗ ಉಂಟಾಗುವುದೇ ತಳಕೋಶದ ಕ್ಯಾನ್ಸರು. 1827ರಲ್ಲಿ ಡಬ್ಲಿನ್ ನಗರದ ನೇತ್ರವೈದ್ಯ ಆರ್ಥರ್ ಜೇಕಬ್ ಕಣ್ಣುರೆಪ್ಪೆಯನ್ನು ಮೆಲ್ಲಮೆಲ್ಲನೆ ತಿಂದುಹಾಕುವ ವಿಲಕ್ಷಣವಾದ ಹುಣ್ಣೊಂದನ್ನು ವರ್ಣಿಸಿದನು. ಇಲಿ ಕಡಿದಂತೆ ಕಾಣುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ 'ರೋಡೆಂಟ್ ಅಲ್ಸರ್' ಎಂಬ ಹೆಸರು ಬಂದಿತು. ಅದರ ಕೋಶಗಳು ತಳಪದರದವುಗಳಂತೆ ಇವೆಯೆಂಬುದನ್ನು ಹಂಗೇರಿಯ ಎಡ್ಮಂಡ್ ಕ್ರೊಂಪೆಖರ್ 1903ರ ತನ್ನ ಗ್ರಂಥದಲ್ಲಿ ವಿಶದಪಡಿಸಿದನು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಇದರ ಮುಖ್ಯ ಕಾರಣ. ಬಹುಕಾಲ ಆರ್ಸೆನಿಕ್ ಬೆರೆತ ನೀರನ್ನು ಕುಡಿದವರಲ್ಲಿಯೂ ಚರ್ಮದ ಕ್ಯಾನ್ಸರು ತಲೆದೋರುವುದುಂಟು. ಈ ರೋಗ ದೇಹದ ಬೇರೆ ಭಾಗಗಳಿಗೆ ಹಬ್ಬುವುದು ಅತ್ಯಂತ ವಿರಳ. ಇದರಿಂದ ಸಾಯುವವರೂ ಅತಿ ಕಡಿಮೆ. ಹಾಗೆಂದು ಇದನ್ನು ಸಾಧು ರೋಗವೆನ್ನುವಂತಿಲ್ಲ. ಇದ್ದಲ್ಲಿಯೇ ಇದ್ದು ಮೂಗಿನ ಮೃದ್ವಸ್ಥಿಯನ್ನೂ ಕಣ್ಣಿನ ಗೂಡನ್ನೂ ಕೊರೆಯುವ ಶಕ್ತಿ ಇದಕ್ಕುಂಟು.

ನಮ್ಮವರಲ್ಲಿ ಇದರ ರೂಪ

ಬಿಳಿಯ ಜನಾಂಗದವರಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯವಾದ ಕ್ಯಾನ್ಸರು. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಹೆಚ್ಚಾಗಿರುವುದರಿಂದ ನಮಗೆ ಅದು ಕೊಡೆಯಂತೆ ನೆರಳು ನೀಡುತ್ತದೆ; ಆದುದರಿಂದ ಭಾರತದಲ್ಲಿ ಈ ರೋಗ ಕಡಿಮೆ. ಆದರೆ ರಕ್ಷಿಸುವ ಆ ಬಣ್ಣವೇ ರೋಗವನ್ನು ಮರೆಮಾಡುವುದೂ ಉಂಟು. ವಿದೇಶದ ವೈದ್ಯಗ್ರಂಥಗಳು ಇದನ್ನು ಮುತ್ತಿನ ಹೊಳಪಿನ ನಸುಗೆಂಪು ಗುಳ್ಳೆಯೆಂದು ವರ್ಣಿಸುತ್ತವೆ. ನಮ್ಮವರಲ್ಲಿ ಅದು ಬಹುಮಟ್ಟಿಗೆ ಕಪ್ಪಾಗಿರುತ್ತದೆ. ನೋಡಿದವರು ಮಚ್ಚೆಯೆಂದೇ ಭಾವಿಸುತ್ತಾರೆ. ನೋವಿಲ್ಲ, ತುರಿಕೆಯೂ ಅಷ್ಟಾಗಿ ಇಲ್ಲ, ಬೆಳವಣಿಗೆ ವರ್ಷಕ್ಕೆ ಕೆಲವೇ ಮಿಲಿಮೀಟರು. ಕಬ್ಬಿನ ಗದ್ದೆಯಲ್ಲಿ ದಿನವಿಡೀ ದುಡಿಯುವವನು ಇಂತಹ ಗುಳ್ಳೆಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ವೈದ್ಯರಲ್ಲಿಗೆ ಏಕೆ ಹೋದಾನು? ಹೀಗೆ ವರ್ಷಗಳು ಉರುಳುತ್ತವೆ. ಸಣ್ಣದೊಂದು ಶಸ್ತ್ರಕ್ರಿಯೆಯಿಂದ ಮುಗಿಯಬಹುದಾಗಿದ್ದುದು ಕಣ್ಣನ್ನೇ ತೆಗೆಯಬೇಕಾದ ಸ್ಥಿತಿಗೆ ಬರಬಹುದು.

ಸುಣ್ಣ, ಸೋಡಾಗಳನ್ನು ಕಲಸಿ ಹಚ್ಚಿ ಮಚ್ಚೆಯನ್ನು ಸುಡುವುದು ಇನ್ನೂ ಅಪಾಯಕರ. ಮೇಲೆ ಹಕ್ಕಳೆಗಟ್ಟಿ ಗುಣವಾದಂತೆ ತೋರುತ್ತದೆ. ಕೆಳಗೆ ಕೊರೆತ ಮುಂದುವರಿಯುತ್ತಲೇ ಇರುತ್ತದೆ.

ರೋಗನಿರ್ಣಯ

ಚರ್ಮವೈದ್ಯರು ಮೊದಲು ಡರ್ಮೋಸ್ಕೋಪ್ ಎಂಬ, ದೀಪವುಳ್ಳ ಭೂತಗನ್ನಡಿಯಿಂದ ಗುಳ್ಳೆಯನ್ನು ಪರೀಕ್ಷಿಸುತ್ತಾರೆ. ಮರದ ಕೊಂಬೆಗಳಂತೆ ಕವಲೊಡೆದ ರಕ್ತನಾಳಗಳು, ನೀಲಿ ಬೂದು ಬಣ್ಣದ ಮೊಟ್ಟೆಯಾಕಾರದ ಕಲೆಗಳು, ಅಂಚಿನಲ್ಲಿ ಎಲೆಯಂತೆ ಚಾಚಿದ ಗುರುತುಗಳು ಕಂಡರೆ ಸಂಶಯ ಬಲವಾಗುತ್ತದೆ. ಆಮೇಲೆ ಸೂಜಿಮದ್ದಿನಿಂದ ಆ ಜಾಗವನ್ನು ಮರಗಟ್ಟಿಸಿ, ಚಿಕ್ಕ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೋಶಗಳ ಗುಂಪು ದ್ವೀಪದಂತಿದ್ದು, ಅದರ ಅಂಚಿನ ಕೋಶಗಳು ಬೇಲಿಯ ಗೂಟಗಳಂತೆ ಸಾಲುಗಟ್ಟಿ ನಿಂತಿದ್ದರೆ ನಿರ್ಣಯವಾದಂತೆಯೇ. ಕತ್ತಿ ತಾಗಿದರೆ ಕ್ಯಾನ್ಸರು ಹಬ್ಬುತ್ತದೆಂಬ ಭಯ ನಮ್ಮ ಜನರಲ್ಲಿದೆ. ಈ ರೋಗದ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ.

ಅಂಚಿನ ಹುಡುಕಾಟ

ಸಾಮಾನ್ಯ ಶಸ್ತ್ರಕ್ರಿಯೆಯಲ್ಲಿ ಗುಳ್ಳೆಯ ಸುತ್ತಲೂ ಸುಮಾರು 4 ಮಿಲಿಮೀಟರು ಆರೋಗ್ಯವಂತ ಚರ್ಮವನ್ನೂ ಸೇರಿಸಿ ಕತ್ತರಿಸುತ್ತಾರೆ. 2 ಸೆಂಟಿಮೀಟರಿಗಿಂತ ಚಿಕ್ಕದಾದ, ಸ್ಪಷ್ಟ ಮೇರೆಯುಳ್ಳ ಗುಳ್ಳೆಗಳಲ್ಲಿ ಇದರಿಂದ 100ಕ್ಕೆ 95ರಷ್ಟು ಪೂರ್ತಿಯಾಗಿ ಹೊರಬರುತ್ತವೆ. ತೆಗೆದ ತುಂಡನ್ನು ಬ್ರೆಡ್ಡಿನ ಹೋಳುಗಳಂತೆ ಸೀಳಿ ಕೆಲವು ಹೋಳುಗಳನ್ನು ಪರೀಕ್ಷಿಸುವುದು ರೂಢಿ. ಎರಡು ಹೋಳುಗಳ ನಡುವೆ ರೋಗದ ಬೇರೊಂದು ಅಂಚಿನವರೆಗೆ ಚಾಚಿದ್ದರೆ ಅದು ತಪ್ಪಿಹೋಗಬಹುದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಮೋಸ್ ಈ ಕೊರತೆಗೆ ಉಪಾಯವನ್ನು ಕಂಡುಹಿಡಿದು 1941ರಲ್ಲಿ ಪ್ರಕಟಿಸಿದನು. ತೆಳುವಾದ ಬಟ್ಟಲಿನಾಕಾರದ ಪದರವೊಂದನ್ನು ತೆಗೆದು, ಅದರ ತಳ ಮತ್ತು ಸುತ್ತಿನ ಅಂಚು ಪೂರ್ತಿಯಾಗಿ ಕಾಣುವಂತೆ ಚಪ್ಪಟೆಯಾಗಿಸಿ, ನಕಾಶೆ ಬರೆದು ಪರೀಕ್ಷಿಸುವುದು ಈ ವಿಧಾನ. ರೋಗ ಎಲ್ಲಿ ಉಳಿದಿದೆಯೋ ಅಲ್ಲಿ ಮಾತ್ರ ಮತ್ತೊಂದು ಪದರ ತೆಗೆಯುತ್ತಾರೆ. ಮೂಗು, ಕಣ್ಣುರೆಪ್ಪೆಗಳಲ್ಲಿ ಆರೋಗ್ಯವಂತ ಚರ್ಮ ಉಳಿಯುವುದೂ ಒಂದು ಲಾಭ.

ಯಾವ ವಿಧಾನ ಮೇಲೆಂಬುದನ್ನು ಊಹೆಗೆ ಬಿಡದೆ, ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ ಹೋಲಿಸಿದ್ದಾರೆ. 1997ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಮುಖದ ಮೇಲೆ ಈ ರೋಗವಿದ್ದ 347 ಮಂದಿಯಿದ್ದರು. ನಾಲ್ಕು ವರ್ಷಗಳ ಬಳಿಕ ವಿಫಲತೆ ಶಸ್ತ್ರಕ್ರಿಯೆಯಲ್ಲಿ ಶೇಕಡಾ 0.7, ವಿಕಿರಣ ಚಿಕಿತ್ಸೆಯಲ್ಲಿ ಶೇಕಡಾ 7.5. ಬ್ರಿಟನ್ನಿನಲ್ಲಿ 501 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಅಪಾಯ ಕಡಿಮೆಯಿರುವ ಗುಳ್ಳೆಗಳಿಗೆ ಇಮಿಕ್ವಿಮಾಡ್ ಎಂಬ ಲೇಪವನ್ನು ಶಸ್ತ್ರಕ್ರಿಯೆಯೊಡನೆ ತೂಗಿ ನೋಡಿದರು. ಐದು ವರ್ಷಗಳ ಯಶಸ್ಸು ಲೇಪಕ್ಕೆ ಶೇಕಡಾ 82.5, ಶಸ್ತ್ರಕ್ರಿಯೆಗೆ ಶೇಕಡಾ 97.7. ಶಸ್ತ್ರಕ್ರಿಯೆಯನ್ನು ತಾಳಲಾರದ ವೃದ್ಧರಿಗೆ ವಿಕಿರಣ, ಲೇಪಗಳು ಇಂದಿಗೂ ಉಪಯುಕ್ತವೇ.

2014ರಲ್ಲಿ ಪ್ರಕಟವಾದ ಹಾಲೆಂಡಿನ ಅಧ್ಯಯನ ಮತ್ತೂ ಬೋಧಪ್ರದ. ಮುಖದ ಮೊದಲ ಬಾರಿಯ ಗುಳ್ಳೆಗಳಲ್ಲಿ, ಹತ್ತು ವರ್ಷಗಳೊಳಗೆ ರೋಗ ಮರುಕಳಿಸಿದುದು ಮೋಸ್ ವಿಧಾನದಲ್ಲಿ ಶೇಕಡಾ 4.4, ಸಾಮಾನ್ಯ ವಿಧಾನದಲ್ಲಿ ಶೇಕಡಾ 12.2. ಮರುಕಳಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷಗಳಾದ ಮೇಲೆ ಕಾಣಿಸಿಕೊಂಡವು. ಗಾಯ ಮಾಯಿತೆಂದು ವೈದ್ಯರನ್ನು ಮರೆಯಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕತ್ತಿಗೆ ನಿಲುಕದಷ್ಟು ಬೆಳೆದುಹೋದ ರೋಗಕ್ಕೂ ಈಗ ಮದ್ದು ಬಂದಿದೆ. ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ 'ಹೆಜ್‌ಹಾಗ್' ಎಂಬ ಜೀನಿನ ಸಂದೇಶಮಾರ್ಗವೇ ಈ ಕ್ಯಾನ್ಸರಿನಲ್ಲಿ ಹದತಪ್ಪುತ್ತದೆಂದು 1996ರಲ್ಲಿ ತಿಳಿದುಬಂದಿತು. ಆ ಮಾರ್ಗವನ್ನು ತಡೆಯುವ ವಿಸ್ಮೊಡೆಗಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ದೊರೆಯಿತು. ನೊಣದ ಮರಿಯ ಅಧ್ಯಯನ ಮನುಷ್ಯನ ಮದ್ದಿಗೆ ದಾರಿ ತೋರಿಸಿದ ಸೋಜಿಗವಿದು.

ನಾವು ಮಾಡಬೇಕಾದುದು

ಇಷ್ಟೆಲ್ಲ ಸಂಶೋಧನೆಯ ಫಲ ನಮಗೆ ದೊರೆಯಬೇಕಾದರೆ ಮೊದಲ ಹೆಜ್ಜೆಯನ್ನು ನಾವೇ ಇಡಬೇಕು. ಮುಖದ ಮೇಲಿನ ಹುಣ್ಣು ಒಂದು ತಿಂಗಳಾದರೂ ಮಾಯದಿದ್ದರೆ, ಮಚ್ಚೆ ಬೆಳೆಯತೊಡಗಿದರೆ, ಅದರ ನಡುವೆ ಕುಳಿ ಬಿದ್ದು ಅಂಚು ಉಬ್ಬಿದರೆ, ಒರೆಸಿದಾಗ ಮತ್ತೆ ಮತ್ತೆ ರಕ್ತ ಒಸರಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಹೊಲಕ್ಕೆ ಹೋಗುವಾಗ ತಲೆಗೆ ರುಮಾಲು, ಸೆರಗು ಇದ್ದರೆ ಸಾಲದು; ಮೂಗು ಕೆನ್ನೆಗಳಿಗೂ ನೆರಳು ಬೀಳುವ ಅಗಲವಾದ ಟೊಪ್ಪಿಗೆ ಲೇಸು.

ದಂಡೆ ಕುಸಿದ ಮೇಲೆ ಕಲ್ಲು ತುಂಬಿಸುವುದಕ್ಕಿಂತ, ಮೊದಲ ಬಿರುಕು ಕಂಡಾಗಲೇ ಎಚ್ಚರಗೊಳ್ಳುವುದು ಜಾಣತನವಲ್ಲವೆ?